ಏಪ್ರಿಲ್‌ನ ಹಿಮ ಪೋಸ್ಟ್‌ಕಾರ್ಡ್ ಅಲ್ಲ, ವೋಚರ್

1/8

ಹಳೇ ಫೋಟೋ ಪೇಜ್‌ಗಳನ್ನ ಫಾಲೋ ಮಾಡೋರಿಗೆಲ್ಲ ಈ ಸರಣಿ. ಉದ್ದ ಇದೆ, ಆದ್ರೆ ಸೇವ್ ಮಾಡಿಟ್ಟು ಮರೆತುಬಿಡಬೇಡಿ, ಈಗಲೇ ಓದಿ.

ಮಾರ್ಚ್, ಏಪ್ರಿಲ್ ಬಂತು ಅಂದ್ರೆ ನಿಮ್ಮ ಫೀಡ್‌ಗೆ ಒಂದು ತರದ ಫೋಟೋ ಬಂದೇ ಬರುತ್ತೆ. ಹೊರದೇಶದ ಯಾವುದೋ ಊರು. ಮರ ಚಿಗುರಿದೆ, ಹೂ ಬಿಟ್ಟಿದೆ, ಅದರ ಮೇಲೆ ಒಂದಡಿ ಹಿಮ. ಕೆಳಗೆ ಎರಡು ಗುಂಪು. ಒಂದು ಗುಂಪು ಹೇಳುತ್ತೆ, "ಆ ಕಾಲವೇ ಚೆಂದ ಗುರು, ಎಂಥ ಸ್ವರ್ಗ." ಇನ್ನೊಂದು ಗುಂಪು ಹೇಳುತ್ತೆ, "ನೋಡಿದ್ರಾ? ಐವತ್ತು ವರ್ಷದ ಹಿಂದೆನೂ ಹವಾಮಾನ ಹೀಗೇ ಹುಚ್ಚುಚ್ಚಾಗಿತ್ತು. ಭೂಮಿ ಬಿಸಿ ಆಗ್ತಿದೆ ಅನ್ನೋದೆಲ್ಲ ಬುರುಡೆ."

ನನ್ನ ವಾದ ಸರಳ. ಎರಡೂ ಗುಂಪು ಆ ಹಿಮವನ್ನ ತಪ್ಪಾಗಿ ನೆನಪಿಟ್ಟುಕೊಂಡಿವೆ. ಒಬ್ಬರಿಗೆ ಅದು ಪೋಸ್ಟ್‌ಕಾರ್ಡ್, ಇನ್ನೊಬ್ಬರಿಗೆ ಅದು ಕಲ್ಲು, ಯಾರ ತಲೆಗಾದ್ರೂ ಎಸೆಯೋಕೆ. ನಿಜದಲ್ಲಿ ಅದು ವೋಚರ್. ದಿನಾಂಕ, ಮೊತ್ತ, ಯಾರ ಖಾತೆಗೆ ನಷ್ಟ, ಎಲ್ಲಾ ಬರೆದಿರೋ ಚೀಟಿ. ಬಿಕಾಂ ಓದ್ತಿರೋನ ಹತ್ರ ಬೇರೆ ಉಪಮೆ ನಿರೀಕ್ಷೆ ಮಾಡಬೇಡಿ.

2/8

ಕ್ರಿಕೆಟ್‌ನಿಂದಲೇ ಶುರು ಮಾಡೋಣ. ಅತಿ ಹೆಚ್ಚು ಷೇರ್ ಆಗೋ ಕಥೆನೂ ಇದೇ.

1975, ಜೂನ್ 2, ಸೋಮವಾರ. ಇಂಗ್ಲೆಂಡ್‌ನ ಗುಡ್ಡಗಾಡಿನ ಊರು ಬಕ್ಸ್‌ಟನ್. ಅಲ್ಲಿ ವಸಂತ ಮುಗಿದು ಬೇಸಿಗೆಗೆ ಕಾಲಿಡೋ ಹೊತ್ತು. ಡರ್ಬಿಶೈರ್ ಮತ್ತು ಲ್ಯಾಂಕಶೈರ್ ನಡುವೆ ಕೌಂಟಿ ಪಂದ್ಯ. ಶನಿವಾರ ಲ್ಯಾಂಕಶೈರ್ 5 ವಿಕೆಟ್‌ಗೆ 477 ಹೊಡೆದಿತ್ತು, ಅದರಲ್ಲಿ ಕ್ಲೈವ್ ಲಾಯ್ಡ್ ಒಬ್ಬರದ್ದೇ ಔಟಾಗದೆ 167. ಸೋಮವಾರ ನೋಡಿದ್ರೆ ಮೈದಾನದ ತುಂಬಾ ಹಿಮ! ಅಂಪೈರ್ ಆಗಿದ್ದವರು ಡಿಕಿ ಬರ್ಡ್. ಆ ದಿನ ಆಟ ಬಂದ್. ಹಿಮ ಕರಗಿ ಒದ್ದೆಯಾದ ಪಿಚ್ ಮೇಲೆ ಮಂಗಳವಾರ ಡರ್ಬಿಶೈರ್ ಕುಸಿದು ಬಿತ್ತು. ಮೊದಲ ಇನಿಂಗ್ಸ್ 42, ಎರಡನೇದು 87.

ಕಥೆ ಇಲ್ಲಿಗೆ ನಿಲ್ಲಿಸಿ ಷೇರ್ ಮಾಡ್ತಾರೆ. ನಾನು ನಿಲ್ಲಿಸಲ್ಲ. ಐದೇ ದಿನಕ್ಕೆ, ಜೂನ್ 7ಕ್ಕೆ, ಅದೇ ದೇಶದಲ್ಲಿ ಮೊದಲ ವಿಶ್ವಕಪ್ ಶುರುವಾಯ್ತು, ಒಳ್ಳೇ ಬಿಸಿಲಲ್ಲಿ. ಗಾವಸ್ಕರ್ 60 ಓವರ್ ನಿಂತು ಔಟಾಗದೆ 36 ಹೊಡೆದ ಪಂದ್ಯ ಅದೇ. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅದರಲ್ಲಿ 37. ಇನ್ನೊಂದು ವರ್ಷ ಕಳೆದು 1976ರಲ್ಲಿ ಅದೇ ಇಂಗ್ಲೆಂಡ್‌ಗೆ ಎಂಥ ಬರ ಬಂತು ಅಂದ್ರೆ, ಬರಗಾಲ ನೋಡ್ಕೊಳ್ಳೋಕೆ ಅಂತಲೇ ಡೆನಿಸ್ ಹೊವೆಲ್ ಅನ್ನೋ ಮಂತ್ರಿಯನ್ನ ಕೂರಿಸಬೇಕಾಯ್ತು.

ಈಗ ಹೇಳಿ. ಜೂನ್ 2ರ ಚೀಟಿ ಇಟ್ಕೊಂಡು "ಭೂಮಿ ತಣ್ಣಗಾಗ್ತಿದೆ" ಅನ್ನಬಹುದು. 1976ರ ಚೀಟಿ ಇಟ್ಕೊಂಡು "ಸುಟ್ಟು ಹೋಗ್ತಿದೆ" ಅನ್ನಬಹುದು. ಒಂದೇ ದೇಶ, ಹದಿನಾಲ್ಕು ತಿಂಗಳ ಅಂತರ. ಬೇಕಾದ ಚೀಟಿ ಆರಿಸಿಕೊಂಡು ಬೇಕಾದ ಲಾಭ ತೋರಿಸೋದಕ್ಕೆ ನಮ್ಮ ಕ್ಲಾಸಲ್ಲಿ ಒಂದು ಹೆಸರಿದೆ. ಕಳ್ಳಲೆಕ್ಕ.

3/8

"ಹಾಗಾದ್ರೆ ಸರಿಯಾದ ಲೆಕ್ಕ ಯಾವುದು?" ಕೇಳಿ, ಕೇಳಲೇಬೇಕು.

ಜಪಾನ್‌ನ ಕ್ಯೋಟೋ ನೋಡಿ. ಅಲ್ಲಿ ಚೆರ್ರಿ ಹೂ ಯಾವತ್ತು ಪೂರ್ತಿ ಅರಳಿತು ಅಂತ ಅರಮನೆಯವರು, ಸನ್ಯಾಸಿಗಳು ದಿನಚರಿಗಳಲ್ಲಿ ಬರೀತಾ ಬಂದರು. ಯಾಸುಯುಕಿ ಅವೊನೊ ಅನ್ನೋ ಪ್ರೊಫೆಸರ್ ಆ ಹಳೇ ಬರಹಗಳನ್ನ ಹುಡುಕಿ ಸಾವಿರದ ಇನ್ನೂರು ವರ್ಷದ ಪಟ್ಟಿ ಮಾಡಿದರು. 2021ರಲ್ಲಿ ಹೂ ಪೂರ್ತಿ ಅರಳಿದ್ದು ಮಾರ್ಚ್ 26ಕ್ಕೆ. ಅಲ್ಲಿಯವರೆಗಿನ ಇಡೀ ಪಟ್ಟಿಯಲ್ಲೇ ಅಷ್ಟು ಬೇಗ ಯಾವತ್ತೂ ಅರಳಿರಲಿಲ್ಲ.

ಈಗ ಎರಡನೇ ಗುಂಪು ಖುಷಿಯಾಗೋ ವಿಷಯ ನಾನೇ ಹೇಳ್ತೀನಿ. 1409ರಲ್ಲಿ ಮಾರ್ಚ್ 27ಕ್ಕೇ ಅರಳಿತ್ತು. ಬರೀ ಒಂದು ದಿನದ ವ್ಯತ್ಯಾಸ! "ನೋಡಿ, ಆಗ ಕಾರ್ ಇತ್ತಾ, ಕಾರ್ಖಾನೆ ಇತ್ತಾ?" ಇರಲಿಲ್ಲ. ಆದ್ರೆ ಆಗ ಅದು ಗುಂಪು ಬಿಟ್ಟು ಓಡಿದ ಒಂಟಿ ಕುರಿ. ಆ ಕಾಲದ ಮಾಮೂಲಿ ತಾರೀಖು ಏಪ್ರಿಲ್ ಮಧ್ಯ. ಈಗ ಗುಂಪಿಗೆ ಗುಂಪೇ ಏಪ್ರಿಲ್ ಮೊದಲ ವಾರದ ಕಡೆಗೆ ಸರಿದಿದೆ. ಒಂಟಿ ಕುರಿ ನೋಡಿ ಮಂದೆ ಎಲ್ಲಿದೆ ಅಂತ ಹೇಳೋಕಾಗಲ್ಲ.

ಇಡೀ ಭೂಮಿಯ ಖಾತೆನೂ ಹಾಗೇ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದ್ರೆ 2011ರಿಂದ 2020ರ ದಶಕ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿ. ಬಕ್ಸ್‌ಟನ್‌ನ ಹಿಮ ಬಿದ್ದ ವರ್ಷವೂ ಆ ಉದ್ದ ಖಾತೆಯ ಒಂದು ಸಾಲು ಅಷ್ಟೇ. 

4/8

ಈಗ ಮೊದಲ ಗುಂಪಿಗೆ ಬರ್ತೀನಿ. "ಎಂಥ ಸ್ವರ್ಗ" ಅಂದ್ರಲ್ಲ, ನಿಮಗೆ.

1888ರ ಮಾರ್ಚ್. ನ್ಯೂಯಾರ್ಕ್. ಆ ವಾರಾಂತ್ಯ ಹವೆ ಬೆಚ್ಚಗಿತ್ತು, ಚಳಿಗಾಲ ಮುಗೀತು ಅಂತ ಜನ ನಿರಾಳ ಆಗಿದ್ರು. ಭಾನುವಾರ ಮಳೆ. ರಾತ್ರಿ ಅದೇ ಮಳೆ ಹಿಮವಾಯ್ತು. ಸೋಮವಾರ ಬೆಳಗ್ಗೆ ಜನ ಎಂದಿನಂತೆ ಕೆಲಸಕ್ಕೆ ಹೊರಟರು, ಯಾಕಂದ್ರೆ ಹೋಗದಿದ್ರೆ ಕೂಲಿ ಇಲ್ಲ. ಮೇಲ್ಸೇತುವೆಯ ರೈಲುಗಳು ನಡುದಾರಿಯಲ್ಲೇ ಸಿಕ್ಕಿಹಾಕಿಕೊಂಡವು. ಕಂಬದ ಮೇಲಿದ್ದ ಟೆಲಿಗ್ರಾಫ್, ಟೆಲಿಫೋನ್, ವಿದ್ಯುತ್ ತಂತಿ ಹರಿದು ಬೀದಿಗೆ ಬಿದ್ದವು. ಷೇರುಪೇಟೆ ಬಾಗಿಲು ಹಾಕಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸತ್ತವರು 400ಕ್ಕೂ ಹೆಚ್ಚು, ಅದರಲ್ಲಿ ಸುಮಾರು 200 ಜನ ನ್ಯೂಯಾರ್ಕ್ ಒಂದರಲ್ಲೇ.

ನನಗೆ ಕೋಪ ಬರಿಸೋ ವಿಷಯ ಬೇರೆ. ತಂತಿಗಳನ್ನ ನೆಲದೊಳಗೆ ಹೂಳಬೇಕು ಅನ್ನೋ ಕಾನೂನು ಅಲ್ಲಿ 1884ರಲ್ಲೇ ಆಗಿತ್ತು. ಅಂದ್ರೆ ಹಿಮ ಬೀಳೋಕೆ ನಾಲ್ಕು ವರ್ಷ ಮೊದಲು! ಖರ್ಚಾಗುತ್ತೆ ಅಂತ ಕಂಪನಿಗಳು ಎಳೆದಾಡಿದವು. ಹಿಮ ಬಿದ್ದು ಹೆಣ ಬಿದ್ದ ಮೇಲೆ, 1889ರಲ್ಲಿ ಮೇಯರ್ ಹ್ಯೂ ಗ್ರಾಂಟ್ ಕಂಬಗಳನ್ನ ಕಡಿಸೋಕೆ ಶುರು ಮಾಡಿದರು. ನೆಲದಡಿಯ ರೈಲು ಬೇಕು ಅನ್ನೋ ಕೂಗಿಗೂ ಬಲ ಬಂತು, 1904ರಲ್ಲಿ ಅದೂ ಓಡಿತು.

ನೋಡಿ, ಆ ಊರು ಕಲಿತದ್ದು ಹಿಮವನ್ನ ಚೆಂದದ ಚಿತ್ರ ಅಂತ ಗೋಡೆಗೆ ಹಾಕಿದ್ದಕ್ಕಲ್ಲ. ನಷ್ಟ ಅಂತ ಖಾತೆಗೆ ಬರೆದದ್ದಕ್ಕೆ.

5/8

"ಚಳಿಗಾಲದಲ್ಲಿ ಬೀಳೋ ಹಿಮಕ್ಕೂ ವಸಂತದಲ್ಲಿ ಬೀಳೋ ಹಿಮಕ್ಕೂ ಏನು ವ್ಯತ್ಯಾಸ, ಹಿಮ ಹಿಮಾನೇ ಅಲ್ವಾ?" ಅಂತ ಕೇಳೋರಿಗೆ.

ಅಲ್ಲ. ಡಿಸೆಂಬರ್‌ನಲ್ಲಿ ಮರ ಬೋಳಾಗಿರುತ್ತೆ, ಹಿಮ ಕೊಂಬೆ ನಡುವೆ ಜಾರಿ ಕೆಳಗೆ ಬೀಳುತ್ತೆ. ವಸಂತದಲ್ಲಿ ಎಲೆ ಬಂದಿರುತ್ತೆ. ಒಂದೊಂದು ಎಲೆನೂ ಅಂಗೈ ತರ ಹಿಮ ಹಿಡಿಯುತ್ತೆ. ಮೇಲಾಗಿ ವಸಂತದ ಹಿಮದಲ್ಲಿ ನೀರಿನಂಶ ಜಾಸ್ತಿ, ಅದು ಒದ್ದೆ ಹಾಸಿಗೆ ತರ ಭಾರ. 1977ರ ಮೇ 9, 10ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಲ್ಲಿ ಒಂದಡಿಗೂ ಹೆಚ್ಚು ಹಿಮ ಬಿತ್ತು. ಮೇ ತಿಂಗಳು! ಎಲೆ ತುಂಬಿದ ಮರಗಳು ಮುರಿದು ತಂತಿ ಮೇಲೆ ಬಿದ್ದವು, ಮನೆಗಳು ಕತ್ತಲಾದವು. ಅದೇ ಹಿಮ ಜನವರಿಯಲ್ಲಿ ಬಿದ್ದಿದ್ರೆ ಅಲ್ಲಿನವರು ಸಲಿಕೆ ಹಿಡಿದು ತಳ್ಳಿ ಟೀ ಕುಡಿಯೋಕೆ ಹೋಗ್ತಿದ್ರು.

ಇನ್ನೂ ಒಂದು ಹೆಜ್ಜೆ ಮುಂದೆ ಬನ್ನಿ. 2007ರಲ್ಲಿ ಅಮೆರಿಕದಲ್ಲಿ ಮಾರ್ಚ್ ವಿಪರೀತ ಬೆಚ್ಚಗಿತ್ತು. ಗಿಡಗಳು "ಬಂತು ವಸಂತ" ಅಂತ ನಂಬಿ ಬೇಗ ಚಿಗುರಿದವು. ಏಪ್ರಿಲ್ ಮೊದಲ ವಾರ ಕೊರೆಯುವ ಚಳಿ ತಿರುಗಿ ಬಂತು. ಸೇಬು, ಪೀಚ್, ಗೋಧಿ, ಎಲ್ಲಾ ಸುಟ್ಟ ಹಾಗಾಯ್ತು. ನಷ್ಟ 200 ಕೋಟಿ ಡಾಲರ್‌ಗೂ ಹೆಚ್ಚು.

ಅರ್ಥ ಆಯ್ತಾ? ಅಲ್ಲಿ ಚಳಿ ಹೊಸದಲ್ಲ, ಹೊಸದು ಅದಕ್ಕೆ ಮುಂಚಿನ ಬಿಸಿ. ಭೂಮಿ ಬಿಸಿಯಾದಷ್ಟೂ ಹೂ ಬೇಗ ಬರುತ್ತೆ. ಹೂ ಬೇಗ ಬಂದಷ್ಟೂ ಅಜ್ಜಿ ಕಾಲದ ಅದೇ ಮಾಮೂಲಿ ಚಳಿಗೂ ಸಿಕ್ಕಿಬೀಳುತ್ತೆ. "ಹಿಮ ಬಿತ್ತು, ಹಾಗಾಗಿ ಬಿಸಿ ಸುಳ್ಳು" ಅನ್ನೋರು ಈ ಒಂದು ಸಾಲನ್ನ ಎರಡು ಸಲ ಓದಿ.

6/8

ನಮ್ಮ ಕಡೆಯವರಿಗೂ ಒಂದು ಮಾತು. ಹೌದು, "ಹವಾಮಾನ ಬದಲಾಗ್ತಿದೆ" ಅಂತ ಪೋಸ್ಟರ್ ಹಿಡಿಯೋ ನಮ್ಮವರಿಗೇ.

ಎಲ್ಲೋ ಅಕಾಲದಲ್ಲಿ ಹಿಮ ಬಿತ್ತು ಅಂದ ತಕ್ಷಣ "ಇದೇ ಸಾಕ್ಷಿ" ಅಂತ ಸ್ಟೋರಿ ಹಾಕ್ತೀರಲ್ಲ, ನೀವೂ ಒಂದೇ ಚೀಟಿ ಬೀಸ್ತಿದ್ದೀರಿ. 1888ರಲ್ಲೂ ಬಿದ್ದಿದೆ, 1977ರಲ್ಲೂ ಬಿದ್ದಿದೆ. ನಾಳೆ ಯಾರೋ ಹಳೇ ಫೋಟೋ ತೋರಿಸಿದ್ರೆ ನಿಮ್ಮ ಬಾಯಿ ಕಟ್ಟುತ್ತೆ. ಸತ್ಯ ನಿಮ್ಮ ಕಡೆ ಇದ್ರೂ ವಾದದಲ್ಲಿ ಸೋಲ್ತೀರಿ. ಅದಕ್ಕಿಂತ ಅವಮಾನ ಇನ್ನೇನಿದೆ?

"ಅಯ್ಯೋ, ಫೋಟೋ ನೋಡಿ ಖುಷಿ ಪಡೋಕೂ ಬಿಡಲ್ವಾ?" ಅನ್ನೋರಿಗೆ: ಪಡಿ. ನಾನೂ ಬಕ್ಸ್‌ಟನ್ ಕಥೆ ಖುಷಿಯಿಂದಲೇ ಹೇಳಿದೆ. ಖುಷಿ ಪಟ್ಟ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ. ಆ ದಿನ ಬಿಲ್ ಕಟ್ಟಿದ್ದು ಯಾರು?

7/8

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮ ನೆಲದಲ್ಲಿ ಹಿಮ ಬೀಳಲ್ಲ. ಆದ್ರೆ ಇದೇ ತಿಂಗಳುಗಳಲ್ಲಿ ಆಲಿಕಲ್ಲು ಬೀಳುತ್ತೆ.

ಬಿದ್ದ ಹತ್ತು ನಿಮಿಷಕ್ಕೆ ರೀಲ್ ರೆಡಿ. "ನಮ್ಮ ಊರೇ ಕಾಶ್ಮೀರ", "ಕರ್ನಾಟಕದಲ್ಲಿ ಸ್ನೋಫಾಲ್". ಮೊದಲನೇದಾಗಿ ಅದು ಸ್ನೋ ಅಲ್ಲ. ಹಿಮ ಅಂದ್ರೆ ಹರಳು, ಹತ್ತಿ ತರ ಇಳಿಯುತ್ತೆ. ಆಲಿಕಲ್ಲು ಅಂದ್ರೆ ಗುಡುಗಿನ ಮೋಡದೊಳಗೆ ಮೇಲೇರೋ ಗಾಳಿ ಎತ್ತಿ ಹಿಡಿದು, ಪದರ ಪದರ ಗಟ್ಟಿಯಾದ ಮಂಜುಗಡ್ಡೆ. ಇಳಿಯಲ್ಲ, ಹೊಡೆಯುತ್ತೆ.

ಎರಡನೇದಾಗಿ, ಅದು ಹೊಡೆಯೋದು ಯಾರನ್ನ? 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ದಿನಗಟ್ಟಲೆ ಆಲಿಕಲ್ಲು ಬಿತ್ತು. ವಿಜಯಪುರದ ಕಡೆ ದ್ರಾಕ್ಷಿ ಕೊಯ್ಲಿಗೆ ಬರೋ, ಒಣದ್ರಾಕ್ಷಿಗೆ ಶೆಡ್‌ನಲ್ಲಿ ಹರಡೋ ಕಾಲ ಅದು. ಮಾವು ಈಚು ಕಟ್ಟಿರೋ ಕಾಲ. ವರ್ಷಪೂರ್ತಿ ಔಷಧಿ, ಗೊಬ್ಬರ, ಬಡ್ಡಿ ಎಲ್ಲಾ ಡೆಬಿಟ್ ಆಗಿದೆ, ಕ್ರೆಡಿಟ್ ಬರೋಕೆ ಇನ್ನು ಹದಿನೈದೇ ದಿನ. ಆಗ ಹತ್ತು ನಿಮಿಷ ಕಲ್ಲು. ಗೊಂಚಲು ಒಡೆದು ಮಣ್ಣುಪಾಲು. ಅಂಥ ತೋಟದ ಪಕ್ಕದ ರಸ್ತೆಯಲ್ಲಿ ನಿಂತು, ಕಲ್ಲು ಬೊಗಸೆಯಲ್ಲಿ ಎತ್ತಿ, ಹಿಂದಿ ಲವ್ ಸಾಂಗ್ ಹಾಕಿ ರೀಲ್ ಬಿಡ್ತೀವಿ.

ಮುಂದೆ ಮೂವತ್ತು ವರ್ಷಕ್ಕೆ ಅದೇ ರೀಲ್ ಹಳೇ ನೆನಪಾಗುತ್ತೆ. "ನಮ್ಮ ಕಾಲದಲ್ಲಿ ವಿಜಯಪುರದಲ್ಲೇ ಸ್ನೋ ಬೀಳ್ತಿತ್ತು ಗೊತ್ತಾ" ಅಂತ ಯಾರೋ ಹೇಳ್ತಾರೆ. ಸುಳ್ಳು ಹೀಗೇ ಹುಟ್ಟೋದು, ಮುದ್ದಾಗಿ.

8/8

ಹಾಗಾದ್ರೆ ಏನು ಮಾಡಬೇಕು? ಮುಂಚೆನೇ ತಯಾರಿ ಮಾಡ್ಕೊಂಡವರ ಉದಾಹರಣೆನೂ ಇದೆ. 1993ರ ಮಾರ್ಚ್ 12ರಿಂದ 14. ಅಮೆರಿಕದಲ್ಲಿ ಆ ಶತಮಾನದ ಬಿರುಗಾಳಿ ಅಂತಲೇ ಹೆಸರಾದ ಹಿಮಗಾಳಿ. ಬೆಚ್ಚಗಿನ ದಕ್ಷಿಣದ ಅಲಬಾಮದಲ್ಲೂ ಒಂದಡಿ ಹಿಮ. ಆದ್ರೆ ಈ ಸಲ ಐದು ದಿನ ಮುಂಚೆನೇ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಹಿಮ ಬೀಳೋ ಮೊದಲೇ ಕೆಲವು ರಾಜ್ಯಗಳು ತುರ್ತುಸ್ಥಿತಿ ಘೋಷಿಸಿದ್ದವು. ಆದರೂ 200ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಇಲ್ಲದೇ ಇದ್ದಿದ್ರೆ? ಅಂಥ ಮುನ್ಸೂಚನೆ ಆಕಾಶದಿಂದ ಉದುರಲ್ಲ. ಯಾರೋ ಪ್ರತಿದಿನ ತಾಪಮಾನ, ಒತ್ತಡ, ಮಳೆ ಅಂತ ಬೇಜಾರಿಲ್ಲದೆ ಬರೆದಿಟ್ಟ ಅಂಕಿಗಳಿಂದಲೇ ಆ ವಿದ್ಯೆ ಬೆಳೆದದ್ದು.

ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ, ಸಣ್ಣದು. ಮುಂದಿನ ಸಲ ಆಲಿಕಲ್ಲು ಬಿದ್ರೆ ಫೋಟೋ ಖಂಡಿತ ತೆಗೀರಿ. ಪಕ್ಕದಲ್ಲಿ ಒಂದು ಐದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗಲಿ. ಊರು, ತಾರೀಖು, ಹೊತ್ತು ಬರೀರಿ. ಪಕ್ಕದ ಹೊಲದ ಗತಿ ಏನಾಯ್ತು ಅಂತ ಒಂದು ಸಾಲು ಸೇರಿಸಿ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ನಷ್ಟವನ್ನ 72 ಗಂಟೆ ಒಳಗೆ ತಿಳಿಸಬೇಕು. ವಿಮೆ ಮಾಡಿಸಿರೋ ಮಾವ, ದೊಡ್ಡಪ್ಪ ಯಾರಾದ್ರೂ ಇದ್ರೆ ರೀಲ್ ಎಡಿಟ್ ಮಾಡೋಕೆ ಮುಂಚೆ ಅವರಿಗೆ ಫೋನ್ ಮಾಡಿ. ತಾರೀಖಿಲ್ಲದ ಫೋಟೋ ಬರೀ ಲೈಕ್ ತರುತ್ತೆ. ತಾರೀಖಿರೋ ಫೋಟೋ ಲೆಕ್ಕಕ್ಕೆ ಬರುತ್ತೆ.

ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ಬರಬಹುದಾದ ಲಾಭವನ್ನ ಪುಸ್ತಕಕ್ಕೆ ತಗೋಬೇಡ, ಬರಬಹುದಾದ ನಷ್ಟಕ್ಕೆ ಮುಂಚೆನೇ ಪ್ರೊವಿಷನ್ ಇಡು. ಪರೀಕ್ಷೇಲಿ ಐದು ಮಾರ್ಕ್ಸ್‌ಗೆ ಬರೆದು ಬಂದು ಮರೀತೀವಿ. ಹಳೇ ಹಿಮದ ಫೋಟೋ ಮುಂದಿನ ಸಲ ಫೀಡ್‌ಗೆ ಬಂದಾಗ ಅದನ್ನ ನೆನಪು ಮಾಡ್ಕೊಳ್ಳಿ.

ಒಪ್ಪದೇ ಇರೋರು ಕಾಮೆಂಟ್‌ಗೆ ಬನ್ನಿ, ಜಗಳ ಆಡೋಣ. ಒಂದೇ ಷರತ್ತು, ಚೀಟಿ ಅಲ್ಲ, ಲೆಡ್ಜರ್ ತಗೊಂಡು ಬನ್ನಿ.

#ಏಪ್ರಿಲ್‌ಹಿಮ #ಆಲಿಕಲ್ಲು #ಸ್ನೋಅಲ್ಲಗುರು #ತಾರೀಖುಬರೀರಿ #ಬಿಕಾಂಹುಡುಗರು