ಪಕ್ಕದ ಪೇಟಿ

1961ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ, ‘ಬೀಟಲ್ಸ್’ ಎಂಬ ಇಂಗ್ಲಿಷ್ ತಂಡದ ಬೇಸ್ ಗಿಟಾರ್ ವಾದಕನು ಚಿತ್ರಕಲೆಯ ಹಂಬಲದಿಂದ ತಂಡವನ್ನು ತೊರೆದನು. ಆ ವಾದ್ಯವನ್ನು ಕೈಗೆತ್ತಿಕೊಳ್ಳಲು ಉಳಿದವರಾರಿಗೂ ಮನಸ್ಸಿರಲಿಲ್ಲ. ಕಡೆಗೆ ಅದು ಪಾಲ್ ಮೆಕಾರ್ಟ್ನಿಯ ಪಾಲಿಗೆ ಬಂದಿತು. ಆತನನ್ನು ಮುಂದೆ ಲೋಕವೆಲ್ಲ ಕೊಂಡಾಡಿತು. ಆದರೆ ಕೊಂಡಾಡಿದ್ದು ಹಾಡುಗಳಿಗಾಗಿ, ಬೇಸಿಗಾಗಿ ಕೊಂಡಾಡಿದವರು ಕೆಲವರೇ!

ಹಾಡನ್ನು ಹಿಂದಿನಿಂದ ಹೊರುವ ವಾದ್ಯಗಳ ಹಣೆಬರಹ ಎಲ್ಲೆಡೆಯೂ ಇಂಥದೇ. ಚೌಡಾಪುರದ ಮೇಲಿಂದ ಗಾಣಗಾಪುರಕ್ಕೆ ಸಾಗುವ ಭಜನಾ ಮೇಳದಲ್ಲಿ ಪೇಟಿ ಬಾರಿಸುವವನ ಹೆಸರನ್ನು ಕೇಳುವವರಾರು? ಆ ಪೇಟಿಯನ್ನೇ, ಎಂದರೆ ಹಾರ್ಮೋನಿಯಮ್ಮನ್ನೇ, ಬಾಳಿನ ಕಸುಬನ್ನಾಗಿ ಮಾಡಿಕೊಂಡವರು ಪಂಡಿತ ರಾಮಭಾವು ಬಿಜಾಪುರೆಯವರು. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಅವರು ರಾಮಕೃಷ್ಣಬುವಾ ವಝೆಯವರಲ್ಲಿ ಗಾಯನವನ್ನೂ ಕಲಿತಿದ್ದರು.

ಅವರಿಗೆ ಇಪ್ಪತ್ತಮೂರರ ಹರೆಯ. ಆಗಲೇ ಸಿಡಿಲೆರಗಿತು. 1940ರ ಮಾರ್ಚಿಯಿಂದ ಬಾನುಲಿಯಲ್ಲಿ ಹಾರ್ಮೋನಿಯಮ್ ಕೂಡದೆಂದು ಆಜ್ಞೆಯಾಯಿತು. ಪರದೇಶದಿಂದ ಬಂದ ವಾದ್ಯ. ಅದರ ಸ್ವರಗಳು ಪಾಶ್ಚಾತ್ಯ ಅಳತೆಯವು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಿಂದ ಹೊರಡದು ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಹಿಡಿಸದು. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ವಾದ್ಯದ ಕೊರತೆಗೆ ವಾದಕನೇಕೆ ದಂಡ ತೆರಬೇಕು? ಕಲಾವಿದನೊಬ್ಬನ ಹೆಸರು ಊರೂರಿಗೆ ಮುಟ್ಟುತ್ತಿದ್ದುದು ಬಾನುಲಿಯಿಂದಲೇ ಆಗಿದ್ದ ಕಾಲವದು.

ಅದೃಷ್ಟವಶಾತ್, ಆಜ್ಞೆ ಸಭೆಗಳಿಗೆ ತಗಲಲಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ—ಇವರೆಲ್ಲರಿಗೂ ಬಿಜಾಪುರೆಯವರು ಸಾಥ್ ನೀಡಿದರು. ಸಾಥ್ ಎಂಬುದು ಸುಲಭದ ಮಾತಲ್ಲ. ಒಬ್ಬೊಬ್ಬರ ನಡೆ ಒಂದೊಂದು ಬಗೆ. ಹಾಡುವವರು ಎತ್ತ ತಿರುಗುವರೆಂಬುದನ್ನು ಪೇಟಿಯವನು ಮೊದಲೇ ಊಹಿಸಬೇಕು, ಆದರೆ ಅವರಿಗಿಂತ ಮೊದಲು ಅಲ್ಲಿಗೆ ಹೋಗಿ ನಿಲ್ಲಬಾರದು. ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಆ ತೆರವನ್ನು ತುಂಬಬೇಕು; ಮತ್ತೆ ದನಿ ಎದ್ದೊಡನೆ ಅದರ ನೆರಳಿಗೆ ಸರಿಯಬೇಕು. ಮೀಂಡಿಲ್ಲದ ಪೇಟಿಯಲ್ಲಿ ಮೀಂಡಿನ ಭ್ರಮೆಯನ್ನು ತರಲು ಬೆರಳು ಗಾಯನವನ್ನರಿತಿರಬೇಕು. ವಝೆಬುವಾ ಅವರಲ್ಲಿ ಕಲಿತ ಹಾಡುಗಾರಿಕೆ ಇಲ್ಲಿ ಒದಗಿತು.

1970ರ ದಶಕದಲ್ಲಿ ನಿಷೇಧ ಸಡಿಲಿತು. ಅಷ್ಟರಲ್ಲಿ ಅವರ ವಯಸ್ಸು ಐವತ್ತನ್ನು ದಾಟಿತ್ತು. ಹಿಮ್ಮೇಳದಲ್ಲೇ ಉಳಿಯದೆ ಸ್ವತಂತ್ರವಾದನದ ಕಛೇರಿಗಳನ್ನೂ ಅವರು ನಡೆಸಿದರು; ಬೆಳಗಾವಿಯಲ್ಲಿ ಸಂಗೀತಶಾಲೆ ನಡೆಸಿ ಮಕ್ಕಳಿಗೆ ಪಾಠ ಹೇಳಿದರು. 2010ರ ನವೆಂಬರಿನಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ತೀರಿಕೊಂಡರು. ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿ ಮೊದಲಾದವರು ಅವರ ಶಿಷ್ಯರು.