ಇಂಜೆಕ್ಷನ್ ಗಾಡಿಗೆ ಹೆದರಬೇಕಿಲ್ಲ

ಬೆಳಗಿನ ಹೊತ್ತು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಕಾರು ಹೇಗೋ ಸ್ಟಾರ್ಟ್ ಆಗುತ್ತದೆ. ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಮೂಗಿಗೆ ಪೆಟ್ರೋಲ್ ವಾಸನೆ. ಲೀಟರಿಗೆ ಹದಿನಾರು ಕೊಡುತ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿದಿದೆ. ಹದಿನೈದು ವರ್ಷ ದಾಟಿದ ಎಂಪಿಎಫ್ಐ (ಮಲ್ಟಿ ಪಾಯಿಂಟ್ ಫ್ಯುಯೆಲ್ ಇಂಜೆಕ್ಷನ್) ಕಾರಿನ ಮಾಲೀಕರಿಗೆ ಈ ಪಾಡು ಹೊಸದಲ್ಲ. ಗ್ಯಾರೇಜಿಗೆ ಒಯ್ದರೆ ಎಷ್ಟೋ ಕಡೆ ಮೊದಲು ಬರುವ ಮಾತು, "ಇಸಿಎಂ ಹೋಗಿರಬೇಕು ಸಾರ್." ಇಸಿಎಂ ಎಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್; ಅದರ ಬೆಲೆ ಕೇಳಿದವರು ಗಾಡಿಯನ್ನೇ ಗುಜರಿಗೆ ಹಾಕುವ ಯೋಚನೆಗೆ ಬೀಳುತ್ತಾರೆ.

ಆ ತೀರ್ಮಾನಕ್ಕೆ ಬರುವ ಮುನ್ನ ಒಂದು ಲೋಟ ಬಿಸಿನೀರು ಮತ್ತು ಒಂದು ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕೂರುವುದು ಒಳ್ಳೆಯದು. ಇಂಜಿನ್ನಿನ ಥರ್ಮೋಸ್ಟಾಟ್ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ, ಎರಡು ಪಿನ್ನಿನ ಒಂದು ಸೆನ್ಸರ್ ಇರುತ್ತದೆ. ಕೂಲೆಂಟ್ ಎಷ್ಟು ಬಿಸಿಯಾಗಿದೆ ಎಂದು ಇಸಿಎಂಗೆ ತಿಳಿಸುವುದು ಅದರ ಕೆಲಸ. ಇಂಜಿನ್ ಪೂರ್ತಿ ಆರಿದ ಮೇಲೆ ಅದನ್ನು ಬಿಚ್ಚಿ, ಮೀಟರಿನ ಎರಡು ತಂತಿಗಳನ್ನು ಪಿನ್ನುಗಳಿಗೆ ಹಚ್ಚಿ, ತುದಿಯನ್ನು ತಣ್ಣೀರಿನಲ್ಲಿ ಅದ್ದಿದರೆ ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ ಓಮ್ ತೋರಿಸುತ್ತದೆ. ಲೋಟಕ್ಕೆ ಬಿಸಿನೀರು ಸುರಿಯುತ್ತಾ ಹೋದಂತೆ ಅಂಕಿ ಇಳಿಯುತ್ತಾ ಬಂದು, 80 ಡಿಗ್ರಿಯ ಹೊತ್ತಿಗೆ ಸುಮಾರು 300ಕ್ಕೆ ಬರಬೇಕು. ನೀರು ಕುದಿಯುವಷ್ಟು ಬಿಸಿಯಾದರೂ ಅಂಕಿ ಮೇಲೆಯೇ ನಿಂತಿದ್ದರೆ ಕಳ್ಳ ಸಿಕ್ಕಿದಂತೆಯೇ ಲೆಕ್ಕ. ಇಂಜಿನ್ ಇನ್ನೂ ತಣ್ಣಗಿದೆ ಎಂದೇ ಇಸಿಎಂ ನಂಬಿರುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಯಲ್ಲಿ ಚೋಕ್ ಎಳೆದೇ ಊರೆಲ್ಲ ಸುತ್ತಿದ ಹಾಗೆ, ಬೇಡದ ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆಯೂ ಮೈಲೇಜಿನ ಕುಸಿತವೂ ಅಲ್ಲಿಂದಲೇ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಈ ಸೆನ್ಸರಿನ ಬೆಲೆಯನ್ನು ಇಸಿಎಂ ಬೆಲೆಯ ಪಕ್ಕ ಇಟ್ಟು ನೋಡಿದರೆ ಆ ಅರ್ಧ ಗಂಟೆಯ ಮೌಲ್ಯ ತಿಳಿಯುತ್ತದೆ.

ಇಂಜೆಕ್ಷನ್ ಎಂದರೆ ಕಂಪ್ಯೂಟರ್, ಕಂಪ್ಯೂಟರ್ ಎಂದರೆ ಕೈ ಹಾಕಬಾರದು ಎಂಬ ಭಯ ನಮ್ಮಲ್ಲಿ ಆಳವಾಗಿ ಕೂತಿದೆ. ಆದರೆ ಈ ತಂತ್ರಜ್ಞಾನ ಅಷ್ಟೇನೂ ಹೊಸದಲ್ಲ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂದದ್ದು 1967ರಲ್ಲಿ. ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆದು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಲೆಕ್ಕ ಹಾಕುವ ಅದರ ತತ್ವವೇ ಮುಂದೆ ನಮ್ಮ ಮಾರುತಿ 800ರ ಎಂಪಿಎಫ್ಐ ಮಾದರಿಯ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನಿಗೂ ಬಂತು. ಅದೇ ಬಾಷ್‌ನ ಕೂಡಿಕೆಯಲ್ಲಿ 1951ರಲ್ಲಿ ಶುರುವಾದ ಮೈಕೊ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸಿತು. ಇಂಜೆಕ್ಷನ್ ಎಂಬ ಪದಕ್ಕೆ ಇಷ್ಟು ಹಳೆಯ ನೆಂಟಸ್ತಿಕೆ ಇರುವ ಊರಿನಲ್ಲೂ ಜನ ಬಾನೆಟ್ ಎತ್ತಲು ಅಂಜುತ್ತಾರೆ ಎಂಬುದು ಬೇಸರದ ಸಂಗತಿ.

ಮನೆಯಲ್ಲೇ ನೋಡಬಹುದಾದದ್ದು ಇನ್ನೂ ಬೇಕಾದಷ್ಟಿದೆ. ಐಡ್ಲಿಂಗ್ ಏರಿಳಿದರೆ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸು, ಕಾರ್ಬನ್ ಕಟ್ಟಿದ ಥ್ರಾಟಲ್ ಬಾಡಿ. ಮಿಸ್ಸಿಂಗ್ ಇದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರಾಯಿತು. ಟಿಕ್‌ಟಿಕ್ ಸದ್ದು ಬಾರದ ಇಂಜೆಕ್ಟರ್ ಕೆಲಸ ಮಾಡುತ್ತಿಲ್ಲ. ಅದು ಕೆಟ್ಟಿದೆಯೋ, ಹಸಿರು ಕಿಲುಬು ಹಿಡಿದ ಕಪ್ಲರ್ ಕೈಕೊಟ್ಟಿದೆಯೋ ಎಂಬುದನ್ನು ಮಲ್ಟಿಮೀಟರ್ ಹೇಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಗಾಡಿಗಳಲ್ಲಂತೂ ಮೊದಲು ಕಪ್ಲರ್ ನೋಡುವುದೇ ಜಾಣತನ.

ಪೆಟ್ರೋಲ್ ಲೈನಿನ ವಿಷಯದಲ್ಲಿ ಮಾತ್ರ ಸಲುಗೆ ಕೂಡದು. ಎಂಪಿಎಫ್ಐ ಲೈನಿನಲ್ಲಿ ಸುಮಾರು ಮೂರು ಬಾರ್ ಒತ್ತಡ ಇರುತ್ತದೆ. ಇಂಜಿನ್ ನಿಲ್ಲಿಸಿದ ಮೇಲೂ ಅದು ಬಹಳ ಹೊತ್ತು ಉಳಿಯುತ್ತದೆ. ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿನ ಮೇಲೆ ಬಟ್ಟೆ ಹಿಡಿದೇ ಸಡಿಲಿಸಬೇಕು. ಇಂಜೆಕ್ಟರ್ ಹೊರಗೆ ಬಂದರೆ ಹಳೆಯ ಓ-ರಿಂಗನ್ನು ಮತ್ತೆ ಹಾಕುವ ಜಿಪುಣತನ ಬೇಡ. ಕೆಲಸವೆಲ್ಲ ಬಯಲಿನಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ನಡೆಯಲಿ. ಕಾಮನ್ ರೈಲ್ ಡೀಸೆಲ್ ಗಾಡಿಯ ಸುದ್ದಿಗೆ ಮನೆಯಲ್ಲಿ ಹೋಗಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮ ತೂರಿ ಒಳಗಿಳಿದು, ಕೈಯನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲದು.

ಈಗ ಇನ್ನೊಂದು ಕಾರಣಕ್ಕೂ ಹಳೆಯ ಕಾರಿನವರು ಬಾನೆಟ್ ಎತ್ತಬೇಕಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಚಾಲನೆ ಪಡೆದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಇಂದು ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಉಬ್ಬಿಸಿ, ಮೆತ್ತಗಾಗಿಸಬಲ್ಲದು. ಹೋಸುಗಳನ್ನು ಬೆರಳಿನಿಂದ ಒತ್ತಿ ನೋಡಿ, ಜಿಗುಟಾದದ್ದನ್ನೂ ಬಿರುಕು ಬಿಟ್ಟದ್ದನ್ನೂ ಬದಲಾಯಿಸುವುದು ಬೆಂಕಿಯನ್ನು ತಡೆಯುವ ಕೆಲಸ. ಅದನ್ನು ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಡುವ ದಿನದವರೆಗೆ ಮುಂದೂಡುವುದು ತರವಲ್ಲ.

ಮಾಲೀಕರಿಗೆ ಧೈರ್ಯ ಬಂದರೂ ಮಾಹಿತಿ ಎಲ್ಲಿದೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಇದಕ್ಕೆ ಉತ್ತರ ಕೊಟ್ಟರು: ಡೀಲರಿಗೆ ಸಿಗುವ ರಿಪೇರಿ ಮಾಹಿತಿ ಮಾಲೀಕರಿಗೂ ಸಣ್ಣ ಗ್ಯಾರೇಜಿಗೂ ಸಿಗಬೇಕು ಎಂಬ ಕಾನೂನನ್ನು ಗೆಲ್ಲಿಸಿದರು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿದೆ. ಹೆಜ್ಜೆ ಒಳ್ಳೆಯದೇ, ಆದರೆ ಅದಕ್ಕೆ ಕಾನೂನಿನ ಬಲ ಬೇಕು. ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ; ಹಳ್ಳಿ ಪೇಟೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಯಾವುದೇ ಕಂಪನಿಯಾಗಲಿ, ತಯಾರಿಕೆ ನಿಲ್ಲಿಸಿದ ಮಾದರಿಯ ವೈರಿಂಗ್ ನಕ್ಷೆಯನ್ನು ಬಚ್ಚಿಡುವುದರಲ್ಲಿ ಯಾವ ವ್ಯಾಪಾರ ಗುಟ್ಟೂ ಇಲ್ಲ. ಯಾವ ತಂತಿಗೆ ಯಾವ ಬಣ್ಣ, ಯಾವ ಸೆನ್ಸರ್ ಎಷ್ಟು ಓಮ್ ತೋರಬೇಕು ಎಂಬ ಹತ್ತಿಪ್ಪತ್ತು ಪುಟಗಳನ್ನು, ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ, ಉಚಿತವಾಗಿ ಆ ಪೋರ್ಟಲ್ಲಿಗೆ ಹಾಕುವಂತೆ ಸರ್ಕಾರ ಕಡ್ಡಾಯ ಮಾಡಬೇಕು.