ಆ ಕಾಲಂನಲ್ಲಿ ‘ಇಲ್ಲ’ ಅಂತ ಬರೆದವರು ಯಾರು?



ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ ಕೇಳ್ತಾರೆ: ‘ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?’ ನಮ್ಮ ಕೇರಿಯ ಗಂಡಸರು ಸುಮ್ಮನೆ ತಲೆ ಅಲ್ಲಾಡಿಸ್ತಾರೆ. ಬರೆಯೋರು ‘ಇಲ್ಲ’ ಅಂತ ಬರ್ಕೋತಾರೆ. ನಾನು ಗುಮಾಸ್ತ, ಕಾಲಂ ತುಂಬೋದೇ ನನ್ನ ಹೊಟ್ಟೆಪಾಡು. ‘ಇಲ್ಲ’ ಬೇರೆ, ‘ಮಾಹಿತಿ ಇಲ್ಲ’ ಬೇರೆ. ಎರಡನ್ನೂ ಒಂದು ಮಾಡಿದರೆ ನಮ್ಮ ಕಚೇರಿಯಲ್ಲಿ ಫೈಲು ವಾಪಸ್ ಬರುತ್ತೆ. ನಮ್ಮ ಜನರ ದೇಹದ ಫೈಲನ್ನ ಮಾತ್ರ ಯಾರೂ ವಾಪಸ್ ಕಳಿಸಲ್ಲ.

ನಾನು ಹೇಳ್ತಿರೋದು ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ. ಗಂಡಸರ ಮೂತ್ರಕೋಶದ ಕೆಳಗಿರೋ ಸಣ್ಣ ಗ್ರಂಥಿ ಅದು. ಈ ಕಾಯಿಲೆ ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅನ್ನೋ ವ್ಯತ್ಯಾಸದಲ್ಲಿ ಶೇ. 57ರಷ್ಟು ಜೀನ್‌ಗಳದ್ದು ಅಂತ ನಾರ್ಡಿಕ್ ದೇಶಗಳ ಅವಳಿಗಳ ಅಧ್ಯಯನ 2016ರಲ್ಲಿ ಅಂದಾಜು ಮಾಡಿತು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಬಿಆರ್‌ಸಿಎ2 ಅನ್ನೋ ಜೀನ್ ಕೆಟ್ಟಿದ್ದರೆ ಹೆಂಗಸರಿಗೆ ಸ್ತನ ಕ್ಯಾನ್ಸರ್, ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. ಅಂದ್ರೆ ಅವ್ವನ ಕಡೆಯಿಂದಲೂ ಇದು ಇಳಿಯಬಹುದು. ಆ ಕಾಲಂಗೆ ಅಷ್ಟು ಬೆಲೆ ಇದೆ.

ಈಗ ನಮ್ಮ ಅಂತರಸನಹಳ್ಳಿ ಕಡೆ ಬನ್ನಿ. ಜೀವಮಾನವೆಲ್ಲ ಮೂಟೆ ಹೊತ್ತ ತಾತ ಉಚ್ಚೆ ಕಟ್ಟುತ್ತೆ ಅಂದ್ರೆ ‘ಉಷ್ಣ, ಎಳನೀರು ಕುಡಿ’. ಸೊಂಟ ನೋವು ಅಂದ್ರೆ ‘ಮೂಟೆ ಹೊತ್ತಿದ್ದಲ್ವಾ’. ಸತ್ತ ಮೇಲೆ ‘ವಯಸ್ಸಾಗಿತ್ತು’. ಈ ಕ್ಯಾನ್ಸರ್ ಮೂಳೆಗೆ ಇಳಿದಾಗ ಬರೋದೂ ಅದೇ ಸೊಂಟ ನೋವು! ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ. ಅಪ್ಪ ಯಾತಕ್ಕೆ ಸತ್ತ ಅಂತ ಯಾರೂ ಹೇಳದ ಮಗ ಏನು ಉತ್ತರ ಕೊಡ್ತಾನೆ? ವಂಶದ ಕಾಯಿಲೆ ಗೊತ್ತಿರೋದೂ ಒಂದು ಆಸ್ತಿ ಕಣ್ರೀ, ಪಹಣಿ ಇದ್ದಂಗೆ.

‘ಜೀನ್ ಅಂದ್ರೆ ಮನುವಾದ, ನಮಗೆ ಬೇಡ’ ಅನ್ನೋ ಸಂಗಾತಿಗಳಿದ್ದಾರೆ. ನಾನು ಒಪ್ಪಲ್ಲ. ಜಾತಿಯ ಜೀವಾಳ ಒಳಮದುವೆ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಹೇಳಿದರು. ನೂರಾರು ವರ್ಷದ ಒಳಮದುವೆ ಒಂದೊಂದು ಗುಂಪಿನಲ್ಲಿ ಒಂದೊಂದು ಜೀನ್ ವ್ಯತ್ಯಾಸವನ್ನ ಕೂಡಿಡುತ್ತೆ. ಮೇಲು ಕೀಳು ಅದಕ್ಕಿಲ್ಲ. ಆರ್ಯವೈಶ್ಯರಲ್ಲಿ ಕೆಲವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸೋ ಒಂದು ಔಷಧಿ ಬೇಗ ಇಳಿಯಲ್ಲ. ಅದು ಗೊತ್ತಿರೋ ಡಾಕ್ಟರು ಮೊದಲೇ ಎಚ್ಚರ ವಹಿಸ್ತಾರೆ. ಗೊತ್ತಾಗಿದ್ದರಿಂದ ಅವರ ಜೀವ ಉಳೀತು. ನಮ್ಮದೂ ಗೊತ್ತಾಗಲಿ ಬಿಡಿ.

ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ ಓದಿದೆ. ದತ್ತಾಂಶ 2025ರ ಜನವರಿಯಲ್ಲಿ ಬಿಡುಗಡೆ ಆಯ್ತು. ಮುಂದಾಳತ್ವ ಬೆಂಗಳೂರಿನದೇ, ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. ಸಂತೋಷ. ಆದರೆ ರಕ್ತದಲ್ಲಿ ಜೀನ್ ಸಿಗುತ್ತೆ, ಅಪ್ಪನ ಕಾಯಿಲೆ ಸಿಗಲ್ಲ. ಅದು ಆಸ್ಪತ್ರೆ ದಾಖಲೆಯಲ್ಲಿರಬೇಕು. ಅಲ್ಲಿ ನಮ್ಮದು ‘ಇಲ್ಲ’.

ನಾಳೆ ಯಾರಾದ್ರೂ ‘ನಿಮ್ಮ ಜನರ ಜೀನೇ ಹಂಗೆ’ ಅಂದರೆ ಅದನ್ನೂ ಕೇಳ್ಕೊಂಡು ಕೂರಬೇಡಿ. ಅಮೆರಿಕದಲ್ಲಿ ಕರಿಯರು ಈ ಕಾಯಿಲೆಯಿಂದ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಸಾಯ್ತಾರೆ. ಅಪಾಯ ಹೆಚ್ಚೋದರಲ್ಲಿ ಜೀನ್ ಪಾಲೂ ಇದೆ, ಸುಳ್ಳಲ್ಲ. ಆದರೆ 3 ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ನೋಡಿದ 2019ರ ಅಧ್ಯಯನ ಏನು ಹೇಳ್ತು? ಇಬ್ಬರಿಗೂ ಚಿಕಿತ್ಸೆ ಒಂದೇ ಥರ ಸಿಕ್ಕ ಕಡೆ, ಕಾಯಿಲೆ ಬಂದ ಮೇಲಿನ ಸಾವಿನ ಅಂತರ ಹೆಚ್ಚುಕಮ್ಮಿ ಅಳಿಸಿಹೋಗಿತ್ತು.

ಎಲ್ಲರಿಗೂ ಪಿಎಸ್‌ಎ ರಕ್ತಪರೀಕ್ಷೆ ಮಾಡಿ ಅಂತ ನಾನು ಕೇಳ್ತಿಲ್ಲ. ಅದು ಸುಮ್ಮಸುಮ್ಮನೆ ಗಾಬರಿ ಹುಟ್ಟಿಸೋದೂ ಉಂಟು. ಉಚ್ಚೆ ತೊಂದರೆ ಅಂತ ಬಂದ ವಯಸ್ಸಾದೋರನ್ನ ‘ಉಷ್ಣ’ ಅಂತ ವಾಪಸ್ ಕಳಿಸದೆ ಪರೀಕ್ಷೆ ಮಾಡಿ, ಸತ್ತಾಗ ಕಾರಣ ಬರೀರಿ, ಕಾಲಂನಲ್ಲಿ ‘ಇಲ್ಲ’ ಜೊತೆಗೆ ‘ಗೊತ್ತಿಲ್ಲ’ ಅಂತ ಇನ್ನೊಂದು ಗೆರೆ ಹಾಕಿ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ಟೈಪ್ ಮಾಡಿಟ್ಟಿದ್ದೀನಿ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರು ಸಹಿ ಹಾಕೋಕೆ ಇನ್‌ಬಾಕ್ಸ್‌ಗೆ ಬನ್ನಿ.